ಹೆಣವಿಲ್ಲದ ಅಳು

ಮುದ್ದೆಯ ಇನ್ನೊಂದು ತುಣುಕನ್ನು ಸಾರಿನಲ್ಲಿ ಅದ್ದಿ ಸತ್ಯವತಿ ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಮುನಿಲಕ್ಷ್ಮಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಬೆಳಿಗ್ಗೆಯೂ ಹೀಗೇ ಆಗಿತ್ತು, ನಿನ್ನೆಯೂ.

"ಇದೊಂದು ತುತ್ತು ಅತ್ತೆ. ಆಮೇಲೆ ಕೇಳಲ್ಲ."

"ಗಂಟಲಲ್ಲಿ ಇಳೀತಿಲ್ಲ ಕಣವ್ವ. ನೀನು ಹೋಗು, ಅವರಿಗೆ ಕಾಫಿ ಕೊಡು."

ಅವರು ಅಂದರೆ ಹಾಲಿನಲ್ಲಿ ಕೂತಿದ್ದ ಸತ್ಯವತಿಯ ಗಂಡ ನಾಗರಾಜು ಮತ್ತು ಅವನ ಸಿನಿಮಾ ಗೆಳೆಯರು. ರಾಜಾಜಿನಗರದ ಈ ಮನೆಯಲ್ಲಿ ಭಾನುವಾರ ಬಂತೆಂದರೆ ಹಳೆಯ ಚಿತ್ರಗಳದೇ ಮಾತು. ಈ ಸಲ ಮಾತಿಗೆ ಬಿಸಿ ಹೆಚ್ಚು. ಐವತ್ತು ವರ್ಷದ ಹಿಂದಿನ 'ಒಣಗೆರೆ' ಎಂಬ ಕಪ್ಪುಬಿಳುಪು ಚಿತ್ರವನ್ನು ಯಾರೋ ಚೊಕ್ಕಟಮಾಡಿ ಹೊಸ ಪ್ರತಿ ತೆಗೆಸಿದ್ದರು. ಬರುವ ಶನಿವಾರ ಅದರ ಪ್ರದರ್ಶನ. ಊರಂಚಿನ ಶ್ರೀಗಂಧದ ಕಾವಲು ಇನ್ನೂ ರಾಗಿ ಹೊಲವಾಗಿದ್ದಾಗ, ಮುನಿಲಕ್ಷ್ಮಮ್ಮ ಅಲ್ಲಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅಲ್ಲೇ ತೆಗೆದ ಚಿತ್ರ ಅದು. ಕೊನೆಯಲ್ಲಿ ಹೆಣದ ಮುಂದೆ ಕೂತು ಹಾಡಿಕೊಂಡು ಅಳುವ ಹೆಂಗಸು ಅವರೇ. ದೂರದೂರದ ದೇಶಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆ ದೃಶ್ಯಕ್ಕೆ. ಶನಿವಾರ ಅವರನ್ನು ವೇದಿಕೆಗೆ ಕರೆಸಿ, ಶಾಲು ಹೊದಿಸಿ, ಅದೇ ಪದದ ಎರಡು ಸಾಲು ಹಾಡಿಸುವುದೆಂದು ನಾಗರಾಜುವೇ ಏರ್ಪಾಡು ಮಾಡಿದ್ದ. ಆ ಸುದ್ದಿ ಹೇಳಿದಂದಿನಿಂದ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಸತ್ಯವತಿ ಕಾಫಿ ಹಿಡಿದು ಹಾಲಿಗೆ ಬಂದಾಗ ಆನಂದ್ ಎಲ್ಲರನ್ನೂ ನಗಿಸುತ್ತಿದ್ದ.

"ಗುರು, ಇದನ್ನ ಹೇಳಿದ್ರೆ ನನ್ನನ್ನ ಸಂಘದಿಂದ ತೆಗೀತೀರ. ಆದ್ರೂ ಹೇಳ್ತೀನಿ. ಮೊದಲಲ್ಲಿ ಆ ಎತ್ತಿನಗಾಡಿ ಬರುತ್ತಲ್ಲ, ಅದು ಈ ಕಡೆಯಿಂದ ಆ ಕಡೆಗೆ ಹೋಗೋಷ್ಟರಲ್ಲಿ ನಾನು ಆಚೆ ಹೋಗಿ ಬೋಂಡ ತಿಂದು ಬಂದೆ. ಗಾಡಿ ಇನ್ನೂ ಅಲ್ಲೇ ಇತ್ತು."

"ನಿಂಗೆ ಬೋಂಡಾನೇ ಸರಿ ಕಣೋ," ಎಂದ ನಾಗರಾಜು.

ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ಸಂಪತ್ ಮೇಷ್ಟ್ರೂ ನಕ್ಕು, ಕಾಫಿ ತೆಗೆದುಕೊಂಡರು. "ಗಾಡಿ ಹಾಳಾಗಲಿ ಬಿಡಯ್ಯ. ಆ ಅಳೋ ದೃಶ್ಯ ಒಂದು ಸಾಕು. ಕ್ಯಾಮೆರಾ ಅಲ್ಲಾಡೋದೇ ಇಲ್ಲ. ಆಕೆ 'ನಂಜೀ, ನಂಜೀ' ಅಂತ ಕೂಗ್ತಾರಲ್ಲ, ಆ ಹೆಸರು ಸ್ಕ್ರಿಪ್ಟಲ್ಲೇ ಇರಲಿಲ್ಲವಂತೆ. ಒಬ್ಬ ಹಳ್ಳಿ ಹೆಂಗಸಿನ ಒಳಗಿಂದ ಅದನ್ನ ಹೊರಡಿಸಿದಾನೆ ನೋಡು, ಅದು ನಿರ್ದೇಶಕ ಅಂದ್ರೆ."

"ನನಗೆ ಆ ಸಿನಿಮಾ ಹಿಡಿಸಲಿಲ್ಲ," ಎಂದಳು ಸತ್ಯವತಿ.

ಹೇಳಬೇಕೆಂದು ಬಂದವಳಲ್ಲ ಅವಳು. ಎಲ್ಲರೂ ತಿರುಗಿ ನೋಡಿದ್ದರಿಂದ ಮುಂದುವರಿಸಬೇಕಾಯಿತು.

"ಅಷ್ಟು ಹೊತ್ತು ಅವರ ಮುಖಾನೇ ನೋಡ್ಕೊಂಡು ನಿಂತಿದಾನಲ್ಲ. ಅತ್ತೆ ಒಂದು ಸಲ ಪಕ್ಕಕ್ಕೆ ನೋಡ್ತಾರೆ, ಸಾಕಾ, ನಿಲ್ಸಲಾ ಅಂತ ಕೇಳೋ ಹಾಗೆ. ಆದ್ರೂ ನಿಲ್ಸಲ್ಲ. ದೊಡ್ಡ ನಿರ್ದೇಶಕ ಇರಬಹುದು. ಒಳ್ಳೆಯವನು ಅಂತ ನನಗನ್ನಿಸಲಿಲ್ಲ."

"ಅಯ್ಯೋ ಅತ್ತಿಗೆ, ನಾನು ಬರೀ ಗಾಡಿಗೆ ಬೈದೆ. ನೀವು ದೇವರಿಗೇ ಬೈದ್ರಿ," ಎಂದ ಆನಂದ್.

"ಆ ಪಕ್ಕದ ನೋಟಾನೇ ಕಲೆ ಮೇಡಂ," ಎಂದರು ಮೇಷ್ಟ್ರು. "ಅದರ ಮೇಲೇ ನಾನೊಂದು ಲೇಖನ ಬರೆದಿದೀನಿ."

"ಇವಳಿಗೆ ಸೀರಿಯಲ್ ಅಭ್ಯಾಸ ಸಾರ್, ಬಿಡಿ," ಎಂದ ನಾಗರಾಜು.

ಸೀರಿಯಲ್ ನೋಡುವುದು ಬಿಟ್ಟು ವರ್ಷಗಳೇ ಆಗಿದ್ದವು. ಗಂಡನಿಗೆ ಅದು ಗೊತ್ತಿಲ್ಲವೆನ್ನುವುದು ಅವಳಿಗೆ ಆ ಕ್ಷಣಕ್ಕೆ ಹೊಳೆಯಿತು. ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಬಂದಳು.

ಮುನಿಲಕ್ಷ್ಮಮ್ಮ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಹಾಲಿನ ಮಾತೆಲ್ಲ ಆ ಕೋಣೆಗೆ ಕೇಳಿಸುತ್ತದೆ.

"ಪಕ್ಕಕ್ಕೆ ನೋಡಿದ್ದು ನಿಮ್ಮ ಮಾವನ್ನ," ಎಂದರು. "ಅಲ್ಲೇ ನಿಂತಿದ್ರು. ಹಾಡು ಅಂತ ಕಣ್ಣಲ್ಲೇ ಗದರಿಸಿದ್ರು."

ಸತ್ಯವತಿ ಲೋಟಗಳನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಕೂತಳು.

"ಅಳೋ ಪದವ ಹೆಣದ ಮುಂದೆ ಮಾತ್ರ ಎತ್ತಬೇಕು ಕಣವ್ವ. ಸುಮ್ನೆ ಗುನುಗಿದ್ರೂ ನಮ್ಮತ್ತೆ ಬಾಯಿ ಮೇಲೆ ಹೊಡೆಯೋರು. ಅವತ್ತು ಹೆಣ ಎಲ್ಲಿತ್ತು? ಹುಲ್ಲಿಗೆ ಬಟ್ಟೆ ಸುತ್ತಿ ಮಲಗಿಸಿದ್ರು. ಊರಲ್ಲಿ ಒಬ್ಬ ಹೆಂಗಸೂ ಒಪ್ಪಲಿಲ್ಲ. ನಿಮ್ಮ ಮಾವ ದೊಡ್ಡಸ್ತಿಕೆಗೆ ಮಾತು ಕೊಟ್ಟುಬಿಟ್ಟಿದ್ರು."

"ನಂಜಿ ಅಂದ್ರೆ..."

"ಸತ್ತೋರ ಹೆಸರು ಕರೀದೆ ಆ ಪದ ಮುಂದಕ್ಕೆ ಹೋಗಲ್ಲ. ಹುಲ್ಲಿಗೆ ಏನಂತ ಹೆಸರು ಕರೀಲಿ? ಹೊತ್ತಾರೆ ಎದ್ದರೆ ಬೈಗಿನವರೆಗೂ ನನ್ನ ಬಾಯಲ್ಲಿದ್ದದ್ದು ಒಂದೇ ಹೆಸರು. ಅದೇ ಬಂದುಬಿಡ್ತು."

ನಾಗರಾಜುವಿಗಿಂತ ಮೊದಲು ಒಂದು ಹೆಣ್ಣು ಮಗು ಹುಟ್ಟಿ ಹೋಗಿತ್ತೆಂದು ಸತ್ಯವತಿಗೆ ಗೊತ್ತಿತ್ತು. ಹಿರಿಯರ ಹಬ್ಬದಲ್ಲಿ ಎಡೆಯ ಪಕ್ಕ ಒಂದು ಪುಟ್ಟ ಲಂಗ ಇಡುತ್ತಿದ್ದರು. ಹೆಸರನ್ನು ಯಾರೂ ಹೇಳಿರಲಿಲ್ಲ.

"ಸಿನಿಮಾದೋರು ಹೋದರು. ರಾಗಿ ಕೊಯ್ಲಿಗೆ ಮುಂಚೆ ಮಗೀಗೆ ಜ್ವರ ಬಂತು. ನಿಲ್ಲಲಿಲ್ಲ. ಅವಳು ಹೋದಾಗ ನನಗೆ ಒಂದು ಸಾಲೂ ಬರಲಿಲ್ಲ ಕಣವ್ವ. ಅವಳದ್ದ ಮೊದಲೇ ಹಾಡಿಬಿಟ್ಟಿದ್ದೆನಲ್ಲ." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೆಣ ಇಲ್ಲದೆ ಅತ್ತವಳು ಅಂತ ಆಮೇಲೆ ಬಾಣಂತಿ ಮನೆ ಹೊಸಿಲು ತುಳಿಯೋಕೆ ಬಿಡ್ತಿರಲಿಲ್ಲ ನನ್ನ. ಈಗ ಇವನು ಹಾಡು ಅಂತಾನೆ. ಈಗ ನನ್ನ ಬಾಯಲ್ಲಿರೋದು ಯಾವ ಹೆಸರು ಅಂತ ನಿಂಗೆ ಗೊತ್ತಲ್ಲ."

ಪಕ್ಕದ ಕೋಣೆಯಲ್ಲಿ ಸ್ಪಂದನ ಮಗ್ಗಲು ಬದಲಿಸಿದ್ದು ಕೇಳಿಸಿತು. ಏಳು ತಿಂಗಳು ತುಂಬಿ, ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು. ಮುದುಕಿ ದಿನವಿಡೀ ಅವಳನ್ನೇ ಕರೆಯುತ್ತಿದ್ದರು: ಹಾಲು ಕುಡಿದಳಾ, ಮಲಗಿದಳಾ, ಕಾಲು ಊದಿದೆಯಾ ನೋಡು.

ಜ್ವರ ಜ್ವರವೇ, ಪದದಿಂದ ಯಾರೂ ಸಾಯುವುದಿಲ್ಲ. ಇದು ಸತ್ಯವತಿಗೆ ಗೊತ್ತಿತ್ತು. ಆದರೆ ಹೆರಿಗೆಯಲ್ಲಿ ಸಣ್ಣದೇನಾದರೂ ಆಯಿತೆಂದರೆ ಈ ಜೀವ ಅದನ್ನು ತನ್ನ ತಲೆಯ ಮೇಲೇ ಹೊತ್ತುಕೊಳ್ಳುತ್ತದೆ ಎನ್ನುವುದೂ ಗೊತ್ತಿತ್ತು. ಏನೂ ಆಗದಿದ್ದರೂ, ಉಳಿದ ತಿಂಗಳುಗಳನ್ನು ಅವರು ಹೇಗೆ ಕಳೆದಾರು?

ಸಂಜೆ ಗೆಳೆಯರು ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಹೇಳಿದಳು. "ರೀ, ಅತ್ತೆಗೆ ಹಾಡೋದು ಬೇಡವಂತೆ. ಬರೀ ಶಾಲು ಹೊದಿಸಿ ಕಳಿಸಿ."

"ಮೂಢನಂಬಿಕೆ ಸತ್ಯ. ನೀನೂ ಅದನ್ನ ತಲೆಗೆ ಹಚ್ಕೋಬೇಡ." ಅವನ ದನಿ ಒರಟಾಗಿರಲಿಲ್ಲ. "ಚಿತ್ರದ ಕೊನೆಯಲ್ಲಿ ಅಮ್ಮನ ಹೆಸರೇ ಇಲ್ಲ, ಗೊತ್ತಾ? 'ಹಳ್ಳಿಯ ಹೆಂಗಸು' ಅಂತ ಹಾಕಿದಾರೆ. ಚಿಕ್ಕ ಹುಡುಗನಿಂದ ಅದನ್ನ ನೋಡ್ತಾ ಬಂದಿದೀನಿ. ಶನಿವಾರ ಅಷ್ಟು ಜನದ ಮುಂದೆ ಹೆಸರು ಹೇಳಿ ಕರೀತಾರೆ. ಅದು ಆಗಲೇಬೇಕು."

ಅವನ ಆಸೆ ಸುಳ್ಳಲ್ಲವೆನ್ನಿಸಿ ಅವಳಿಗೆ ಮನಸ್ಸು ಸ್ವಲ್ಪ ಮೆತ್ತಗಾಯಿತು. "ನಂಜಿ ಯಾರು ಅಂತ ನಿಮಗೆ ಗೊತ್ತಾ?" ಎಂದು ಕೇಳಿದಳು. ಗೊತ್ತಾದರೆ ಬಿಟ್ಟಾನು ಎಂದುಕೊಂಡಿದ್ದಳು.

"ಗೊತ್ತು. ಅಪ್ಪ ಸಾಯೋಕೆ ಮುಂಚೆ ಹೇಳಿದ್ರು." ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಮೇಷ್ಟ್ರಿಗೂ ಇನ್ನೂ ಹೇಳಿಲ್ಲ. ಅಮ್ಮ ಹಾಡಿ ಮುಗಿಸಿದ ಮೇಲೆ ಅದನ್ನ ನಾನೇ ಮೈಕಲ್ಲಿ ಹೇಳ್ತೀನಿ. ಜನ ಹೇಗೆ ಅಳ್ತಾರೆ ನೋಡ್ತಿರು."

ಸತ್ಯವತಿ ಪಾತ್ರೆ ಎಳೆದುಕೊಂಡಳು. ಬೆಳಗಿನ ಹುಳಿಗೆ ಅವರೆಕಾಳು ನೆನೆಹಾಕಬೇಕಿತ್ತು. ಪಾತ್ರೆಗೆ ನೀರು ಬಿಟ್ಟು, ಮೇಲೆ ತೇಲಿದ ಹುಳುಕು ಕಾಳುಗಳನ್ನು ಎತ್ತಿ ಹಾಕತೊಡಗಿದಳು. ಕಣ್ಣಮುಂದೆ ಚಿತ್ರದ ಆ ಮುಖವೇ ನಿಂತಿತ್ತು, ಪಕ್ಕಕ್ಕೆ ನೋಡಿ ಅನುಮತಿ ಕೇಳುತ್ತಿದ್ದ ಇಪ್ಪತ್ತರ ಹುಡುಗಿಯದು. ಕ್ಯಾಮೆರಾದ ಹಿಂದೆ ನಿಂತವನು ಸತ್ತು ಎಷ್ಟೋ ಕಾಲವಾಗಿದೆ. ಅವನ ಜಾಗ ಖಾಲಿ ಬಿದ್ದಿಲ್ಲ.

ಶನಿವಾರ ಬೆಳಿಗ್ಗೆ ನಾಗರಾಜು ಪ್ರದರ್ಶನದ ವ್ಯವಸ್ಥೆ ನೋಡಲು ಬೇಗ ಹೊರಡುತ್ತಾನೆ. ಅಮ್ಮನಿಗೆ ಕಾರು ಬರುವುದು ಮಧ್ಯಾಹ್ನ. ಅಷ್ಟರೊಳಗೆ ಒಂದು ಆಟೋ ಸಾಕು. ಅತ್ತೆಯ ತಂಗಿ ಪಟಾಲಮ್ಮ ಕೆಂಗೇರಿಯಲ್ಲಿದ್ದಾರೆ, ಹೇಳದೆ ಹೋದರೂ ಬಾ ಎನ್ನುವ ಮನೆ. ಸ್ಪಂದನಳನ್ನೂ ಕರೆದುಕೊಂಡು ಹೋಗುವುದು. ಫೋನು ಮನೆಯಲ್ಲೇ ಇರಲಿ. ಪ್ರದರ್ಶನದಲ್ಲಿ ಜನ ಕಾಯುತ್ತಾರೆ, ಆಮೇಲೆ ಬರೀ ಚಿತ್ರ ನೋಡಿಕೊಂಡು ಹೋಗುತ್ತಾರೆ. ಗೆಳೆಯರ ಮುಂದೆ ಅವನ ತಲೆ ತಗ್ಗುತ್ತದೆ. ಇದಕ್ಕಿಂತ ಚಿಕ್ಕ ಕಾರಣಕ್ಕೇ ಅವನು ಒಂದು ಇಡೀ ಮಳೆಗಾಲ ಮಾತು ಬಿಟ್ಟಿದ್ದ. ಈ ಸಲ ಎಷ್ಟು ದಿನವೋ. ಬಿಡಲಿ.

"ಶನಿವಾರ ಅಮ್ಮಂಗೆ ಯಾವ ಸೀರೆ ಉಡಿಸ್ತೀಯ?" ಹಾಲಿನಿಂದ ನಾಗರಾಜು ಕೇಳಿದ.

"ಹಸಿರಂಚಿನದು," ಎಂದಳು ಸತ್ಯವತಿ. ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು.