ಶಿದ್ರಾಮಪ್ಪನವರ ಗಂಗಾಳ

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ವೀರೇಶ ಎರಡನೆಯ ತುತ್ತಿಗೇ ಕೈ ತೊಳೆಯತೊಡಗಿದಾಗ ಮನೆಯವರು ಮೊದಲು ಅನುಮಾನಿಸಿದ್ದು ಅಡುಗೆಯನ್ನು. ಮೂರು ರೊಟ್ಟಿ ಉಂಡು ನಾಲ್ಕನೆಯದಕ್ಕೆ ಹೆಂಡತಿಯ ಮುಖ ನೋಡುತ್ತಿದ್ದ ಮನುಷ್ಯ. ಈಗ ಅಷ್ಟಕ್ಕೇ ಹೊಟ್ಟೆ ಬಿಗಿಯುತ್ತಿತ್ತು. ಅಡ್ಡಾದರೆ ಹುಳಿನೀರು ಗಂಟಲಿಗೆ ಏರುತ್ತಿತ್ತು. ಮೈಯೆಲ್ಲ ಇಳಿದರೂ ಎಡಪಕ್ಕೆಲುಬಿನ ಕೆಳಗೆ ಮಾತ್ರ ಏನೋ ಗಟ್ಟಿಯಾಗಿ ಕುಳಿತಿತ್ತು.

ಜಮಖಂಡಿಯ ಡಾಕ್ಟರು ಸ್ಕ್ಯಾನ್ ನೋಡಿದರು. "ಗುಲ್ಮ, ಅಂದ್ರ ಸ್ಪ್ಲೀನ್, ಬಾತೈತಿ. ಪಕ್ಕದಾಗಿನ ಜಠರಾನ ಒತ್ತಾಕತ್ತೈತಿ, ಕೂಳಿಗೆ ಜಾಗಾನ ಇಲ್ಲ. ಗುಳಿಗಿ ಕೊಡ್ತೀನಿ, ಇಳೀತೈತಿ. ಅಲ್ಲೀತನಕ ಸ್ವಲ್ಪಸ್ವಲ್ಪ, ಭಾಳ ಸಲ ಉಣ್ರಿ. ಉಂಡ ಕೂಡ್ಲೆ ಅಡ್ಡಾಗಬ್ಯಾಡ್ರಿ. ಹೊಟ್ಟಿ ಮಾತ್ರ ತಿಕ್ಕಿಸಬ್ಯಾಡ್ರಿ. ಗುಲ್ಮ ಒಡದ್ರ ಜೀವಕ್ಕ ಕುತ್ತು."

ತಾಯಿ ಶಿವಗಂಗವ್ವ ಎಲ್ಲಕ್ಕೂ ತಲೆಯಾಡಿಸಿದಳು. ಊರಿಗೆ ಬಂದವಳೇ ಹುನ್ನೂರಿನ ಭಾಗವ್ವನಿಗೆ ಹೇಳಿಕಳಿಸಿದಳು. ಭಾಗವ್ವ ಸರಿದ ಹೊಕ್ಕುಳವನ್ನು ತಿಕ್ಕಿ ಜಾಗಕ್ಕೆ ಕೂಡಿಸುವವಳು. ಸುತ್ತಲಿನ ಅರ್ಧ ಹೊಟ್ಟೆಗಳು ಅವಳ ಪರಿಚಯದವು.

"ಅತ್ತೀ, ಡಾಕ್ಟರ್ ಬ್ಯಾಡಂದಾರ್ರಿ," ಎಂದಳು ಸೊಸೆ ಅಕ್ಷತಾ.

"ಡಾಕ್ಟರಗ ಹೊಕ್ಕಳದ ಸುದ್ದಿ ಏನ್ ಗೊತ್ತ? ನಿಮ್ಮ ಮಾವಗೂ ಇಕಿನ ತಿಕ್ಕಿದ್ದು."

"ತಿಕ್ಕಿ ಏನಾತ್ರಿ?"

ಶಿವಗಂಗವ್ವ ಸೆರಗು ಸರಿಮಾಡಿಕೊಂಡಳು. ಗಂಡ ಶಿದ್ರಾಮಪ್ಪ ತೀರಿದ್ದು ತಿಕ್ಕಿಸಿಕೊಂಡ ದಿನದ ಸಂಜೆಯೇ. ಆ ಮನೆಯಲ್ಲಿ ಈ ಎರಡನ್ನೂ ಯಾರೂ ಒಂದೇ ಉಸಿರಿನಲ್ಲಿ ಹೇಳುತ್ತಿರಲಿಲ್ಲ.

"ಇರಲಿ ಬಿಡ," ಎಂದ ಸೋತುಹೋಗಿದ್ದ ವೀರೇಶ. "ಪೂರಾ ಒಂದು ರೊಟ್ಟಿ ಒಳಗ ಹೋದ್ರ ಸಾಕು, ಯಾರರೆ ತಿಕ್ಕಲಿ."

ಭಾಗವ್ವನ ಔಡಲೆಣ್ಣೆಯ ಅಂಗೈ ಅವನ ಎಡಮಗ್ಗುಲಿಗೆ ತಾಗಿ ಅಲ್ಲೇ ನಿಂತಿತು. ಬೆರಳುಗಳು ಒತ್ತದೆ ಆ ಗಡ್ಡೆಯ ಅಂಚಿನಗುಂಟ ಹೋಗಿ ಒಂದು ಕಚ್ಚಿನಲ್ಲಿ ತಂಗಿದವು. ಅವಳು ಕಣ್ಣು ಮುಚ್ಚಿದಳು.

"ಶಿವಗಂಗಾ, ಇದನ್ನ ನಾ ಮೊದಲ ಮುಟ್ಟೇನಿ."

"ಯಾವಾಗಬೇ?"

"ಇದು ಹುಡುಗಂದಲ್ಲ, ಅವರಪ್ಪಂದು. ಇದ ಕಚ್ಚ, ಇಲ್ಲೆ ಇತ್ತು. ಅವತ್ತ ಜೋರ ತಿಕ್ಕಿದ್ದಕ್ಕ ಕೈಯಾಗ ಮೆತ್ತಗಾತು. ಹೋತು ಅಂದ್ಕೊಂಡಿದ್ದೆ. ಎಲ್ಲೂ ಹೋಗಿಲ್ಲ, ಇಲ್ಲಿ ಬಂದು ಕುಂತಾನ." ಎಣ್ಣೆ ಒರೆಸಿಕೊಳ್ಳದೆ ಎದ್ದಳು. "ನಾ ಮುಟ್ಟಾಕಿ ಅಲ್ಲ. ಯಾರಿಗೂ ಮುಟ್ಟಗೊಡಬ್ಯಾಡ."

ಸ್ಕ್ಯಾನಿಗೆ ಆಗದ್ದು ಹೀಗೆ ಆಯಿತು. ಅಂದಿನಿಂದ ಡಾಕ್ಟರ ಒಂದೊಂದು ಮಾತೂ ಪಕ್ಕೆಯಲ್ಲಿ ಬಂದು ಕುಳಿತ ಹಿರಿಯರ ಹೆಸರಿನಲ್ಲಿ ನಡೆಯತೊಡಗಿತು. ಹಿರಿಯರಿಗೆ ಒಮ್ಮೆಲೇ ಸುರಿಯಬಾರದೆಂದು ಹಿಡಿಹಿಡಿ ಮೆತ್ತನ್ನ, ನಡುನಡುವೆ ಗಂಜಿ. ಉಂಡ ಹಿರಿಯರನ್ನು ಮಲಗಿಸಬಾರದೆಂದು ಬೆನ್ನಿಗೆ ಲೋಡು, ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಇಟ್ಟಿಗೆ. ಖಾರವೂ ಬಂದಾಯಿತು, ಅವರಿಗೆ ಸೇರುತ್ತಿರಲಿಲ್ಲವಂತೆ. ಶಿದ್ರಾಮಪ್ಪ ಕೆಂಪು ಮೆಣಸಿನಕಾಯಿಯ ರಂಜಕವಿಲ್ಲದೆ ಒಂದು ದಿನವೂ ಉಂಡವನಲ್ಲ. ಆದರೆ ಸತ್ತವರ ರುಚಿ ತಿದ್ದುವುದು ಸುಲಭ.

ಹುಳಿನೀರು ನಿಂತಿತು. ವೀರೇಶನಿಗೆ ಕಸಿವಿಸಿಯಾದದ್ದು ಬೇರೆಯದಕ್ಕೆ. ಬಡಿಸುವಾಗ ತಾಯಿ ಅವನ ಮುಖ ನೋಡುತ್ತಿರಲಿಲ್ಲ. ಎಡಪಕ್ಕೆಗೆ ಬಾಗಿ ಕೇಳುತ್ತಿದ್ದಳು: "ಇನ್ನೊಂದ್ ತುತ್ತು ನೀಡ್ಲೇನ್ರಿ?"

"ಯವ್ವಾ, ನಾ ನಿನ್ನ ಮಗ."

"ನಿನ್ನ ಯಾರ್ ಕೇಳ್ಯಾರಲೇ?"

ಕೆಲವು ತಿಂಗಳಾದ ಮೇಲೆ ಡಾಕ್ಟರು ನಕ್ಕರು. "ಗುಲ್ಮ ಇಳಿಯಾಕತ್ತೈತಿ. ಇನ್ನ ಹಗೂರಕ ಹೆಚ್ಚಿಗಿ ಉಣ್ರಿ." ಬಸ್ಸಿನಲ್ಲಿ ಅಕ್ಷತಾ ಸಂತೋಷಕ್ಕೆ ಕಣ್ಣೊರೆಸಿಕೊಂಡಳು. ಶಿವಗಂಗವ್ವ ಕಿಟಕಿಯಾಚೆ ಕಬ್ಬನ್ನು ನೋಡುತ್ತ ಕುಳಿತಳು, ಯಾರನ್ನೋ ಬಸ್ಸು ಹತ್ತಿಸಲು ಬಂದವಳಂತೆ.

ಮಧ್ಯಾಹ್ನ ವೀರೇಶ ಒಂದು ರೊಟ್ಟಿ ಪೂರ್ತಿ ಉಂಡ. ಎರಡನೆಯದನ್ನು ಮುರಿಯುತ್ತಲೇ ತಾಯಿ ಕೈ ಹಿಡಿದಳು.

"ಸಾಕು. ಅವರಿಗೆ ಜಾಗಾ ಬಿಡೋ."

ಅವನು ಮುರಿದ ತುಂಡನ್ನು ಗಂಗಾಳದಲ್ಲೇ ಬಿಟ್ಟ. ಅವಳು ಗಂಗಾಳವನ್ನು ತನ್ನತ್ತ ಎಳೆದುಕೊಂಡು, ತಲೆತುಂಬ ಸೆರಗು ಹೊದ್ದು, ಅದರಲ್ಲೇ ಉಣ್ಣತೊಡಗಿದಳು. ಗಂಡ ಉಂಡ ಗಂಗಾಳದಲ್ಲಿ ಹೆಂಡತಿ ಉಣ್ಣುವುದು ಆ ಮನೆಯ ಪದ್ಧತಿ. ವಿಧವೆಯಾದ ಮೇಲೆ ಶಿವಗಂಗವ್ವ ಯಾರ ಎಂಜಲನ್ನೂ ಮುಟ್ಟಿರಲಿಲ್ಲ.

ಗಂಗಾಳಕ್ಕೆ ಕೈಚಾಚಿದ್ದ ಅಕ್ಷತಾ ಹಾಗೆಯೇ ನಿಂತಳು. "ಅತ್ತೀ, ಅದು ನಂದ್ರಿ."

ಅತ್ತೆ ಇನ್ನೊಂದು ತುತ್ತು ಮುರಿದಳು.

'ಅಕಿಗೆ ಕೊಡಬೇ' ಎನ್ನಲು ವೀರೇಶ ಬಾಯಿ ತೆರೆದ. ಎಡಪಕ್ಕೆಯೊಳಗೆ ಏನೋ ಮೆಲ್ಲಗೆ ಮಗ್ಗುಲು ಬದಲಿಸಿತು.

"ಸಾವಕಾಶ ಉಣ್ಣು, ಗಂಗಾ," ಎಂದಿತು ಅವನ ಬಾಯಿ.

"ಹೂಂನ್ರಿ," ಎಂದಳು ಶಿವಗಂಗವ್ವ.