ಗುಂಡಿಯೂರಿನ ದೊರೆ

ಶ್ರೀನಿವಾಸಪುರದ ಹೊರಗೆ, ಮಾವಿನ ಮಂಡಿಗಳ ಸಾಲು ಮುಗಿಯುವಲ್ಲಿ ಚನ್ನರಾಯಪ್ಪನವರ ಶಾಲೆ. ಗೇಟಿನ ಮೇಲೆ ಅವರ ಫೋಟೋ, ಆಫೀಸಿನಲ್ಲಿ ಅವರ ಫೋಟೋ, ಮಕ್ಕಳ ಡೈರಿಯ ರಟ್ಟಿನ ಮೇಲೂ ಅವರದೇ ಫೋಟೋ. ಆ ಮನುಷ್ಯ ಒಂದು ಪುಸ್ತಕ ಬಿಚ್ಚಿದ್ದನ್ನು ಯಾರೂ ಕಂಡವರಿಲ್ಲ. ಆದರೂ ಪ್ರತಿ ಸೋಮವಾರ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ವಿದ್ಯೆಯ ಮಹತ್ವ ಹೇಳುತ್ತಿದ್ದರು. ಹೆಡ್‌ಮಾಸ್ಟರ್ ಅಶ್ವತ್ಥಪ್ಪ ಪಕ್ಕದಲ್ಲಿ ನಿಂತು, ವಾಕ್ಯ ಮುಗಿಯುವ ಮುಂಚೆಯೇ ತಲೆಯಾಡಿಸಲು ಶುರುಮಾಡುತ್ತಿದ್ದರು.

ನಾಲ್ಕನೇ ಕ್ಲಾಸಿನ ಟೀಚರ್ ಆಶಾರಾಣಿಯೂ ತಲೆಯಾಡಿಸುತ್ತಿದ್ದಳು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾಕಿಲ್ಲ ಎಂದು ಕೇಳಿದ ರಂಜಿತ ಮೇಡಂಗೆ ಮಾರನೆಯ ದಿನದಿಂದಲೇ ಬರಬೇಡಿ ಅಂದಿದ್ದರು. ಸ್ಟಾಫ್ ರೂಮಿನಲ್ಲಿ ಅವಳ ಹೆಸರು ಎತ್ತುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಎಲ್ಲರೂ ಟಿಫಿನ್ ಡಬ್ಬಿ ಬಿಚ್ಚಿ ಚಟ್ನಿಯ ರುಚಿಯ ಬಗ್ಗೆ ಮಾತಾಡಿದರು.

ಜನವರಿಯಲ್ಲಿ ಶಾಲಾ ವಾರ್ಷಿಕೋತ್ಸವ ಬಂತು. ಶಾಲೆಯ ಅಧ್ಯಕ್ಷ ಚನ್ನರಾಯಪ್ಪನವರ ಹುಟ್ಟುಹಬ್ಬವೂ ಅವತ್ತೇ.

"ನಾಯಕತ್ವದ ಮೇಲೆ ಒಂದು ನಾಟಕ ಮಾಡ್ಸಿ ಮೇಡಂ," ಅಂದರು ಅಶ್ವತ್ಥಪ್ಪ. "ಅಧ್ಯಕ್ಷರು ನೋಡಿ ಖುಷಿ ಪಡ್ಬೇಕು, ಅಷ್ಟೇ."

ಸಂಜೆ ಮನೆಯಲ್ಲಿ ಮಕ್ಕಳ ನಾಟಕಕ್ಕಾಗಿ ಫೋನಿನಲ್ಲಿ ಹುಡುಕುತ್ತಿದ್ದಾಗ ಆಶಾರಾಣಿಗೆ ಒಂದು ಹಳೆಯ ಕಾರ್ಟೂನು ಸಿಕ್ಕಿತು. ಯಾರೋ ಪುಣ್ಯಾತ್ಮರು ಹಳೇ ಟೇಪಿನಿಂದ ನೆಟ್ಟಿಗೆ ಏರಿಸಿದ್ದರು. ಚಿತ್ರವೆಲ್ಲ ಗೆರೆಗೆರೆ. ಹೆಸರು ನೋಡುತ್ತಲೇ ಅವಳು ಎದ್ದು ಕೂತಳು: 'ಗುಂಡಿಯೂರಿನ ದೊರೆ'. ಚಿಕ್ಕವಳಿದ್ದಾಗ ಭಾನುವಾರ ಬೆಳಗ್ಗೆ ಬರುತ್ತಿತ್ತು. ಅಣ್ಣ ಚಾನೆಲ್ ಬದಲಿಸಿ ತೆಲುಗು ಸಿನಿಮಾ ಹಾಕುತ್ತಿದ್ದ. ಅವಳು ಅತ್ತು ಕರೆದು ನೋಡುತ್ತಿದ್ದಳು. ಕೆಲವೇ ವಾರ ಬಂದು ನಿಂತುಹೋಯಿತು. ಕ್ಲಾಸಿನಲ್ಲಿ ಅದನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ.

ಅದರಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಒಂದು ದಪ್ಪ ಕಪ್ಪೆ. ಮಳೆ ಬಂದರೆ "ತರಿಸಿದ್ದು ನಾನೇ" ಅನ್ನುತ್ತದೆ. ಬಿಸಿಲು ಬಂದರೆ "ನಿಮ್ಮ ಬಟ್ಟೆ ಒಣಗಲಿ ಅಂತ ನಾನೇ ಕಳಿಸಿದ್ದು" ಅನ್ನುತ್ತದೆ. ಸುತ್ತಲಿನ ಗೊದಮೊಟ್ಟೆಗಳೆಲ್ಲ ಬಾಲ ಆಡಿಸುತ್ತ, "ಹೌದು ದೊರೆ, ನೀವೇ ದೊರೆ!" ಎಂದು ಕೂಗುತ್ತವೆ. ಯಾವುದಕ್ಕಾದರೂ ಕಾಲು ಮೂಡಿದರೆ, ದೊರೆಯ ಮುಂದೆ ನಿಲ್ಲುವಷ್ಟು ಕೊಬ್ಬೇ ಎಂದು ಗುಂಡಿಯಿಂದ ಹೊರಗೆ ಹಾಕುತ್ತವೆ.

ಚಿಕ್ಕವಳಿದ್ದಾಗ ಕಪ್ಪೆ ಜಾರಿ ಬೀಳುವುದಕ್ಕೆ ಮಾತ್ರ ನಕ್ಕಿದ್ದಳು. ಈಗ ಬೇರೆಯೇ ನಗು ಬಂತು. ಕಪ್ಪೆಯ ಗಂಟಲ ಚೀಲ ಊದಿದಾಗೆಲ್ಲ ಚನ್ನರಾಯಪ್ಪನವರ ಶಾಲು ಹೊದ್ದ ಎದೆ ಕಂಡಿತು. ಬಾಲ ಆಡಿಸುವ ಗೊದಮೊಟ್ಟೆಗಳ ನಡುವೆ ಅಶ್ವತ್ಥಪ್ಪ ಕಂಡರು, ಆಮೇಲೆ ಚಟ್ನಿ ಹೊಗಳುತ್ತಿದ್ದ ತಾನೂ ಕಂಡಳು. ನಗು ನಿಂತಿತು.

"ಏಮೇ, ಒಬ್ಬಳೇ ನಗ್ತಾ ಇದ್ಯಲ್ಲೇ," ಎಂದು ಅಮ್ಮ ರಾಮಲಕ್ಷ್ಮಮ್ಮ ಅಡುಗೆಮನೆಯಿಂದ ಕೇಳಿದರು.

"ನಮ್ಮ ಸ್ಕೂಲ್ ಫೋನಲ್ಲಿ ಬರ್ತಾ ಐತಮ್ಮ," ಅಂದಳು ಆಶಾರಾಣಿ.

ಅದನ್ನೇ ನಾಟಕ ಮಾಡಿದಳು. ಕೆಲಸ ಹೋದರೆ ಹೋಗಲಿ, ಆ ಮನುಷ್ಯನ ಮುಖ ಒಮ್ಮೆ ಕಪ್ಪಿಡುವುದನ್ನು ನೋಡಬೇಕು ಎಂಬ ಹಟ ಹುಟ್ಟಿತ್ತು. ಅಶ್ವತ್ಥಪ್ಪ ಮೊದಲ ಹಾಳೆ ಓದಿ, "ಕಪ್ಪೆನಾ? ಪರಿಸರದ್ದು. ಒಳ್ಳೇದೇ," ಎಂದು ಸಹಿ ಹಾಕಿದರು. ಉಳಿದ ಹಾಳೆ ತಿರುವುವ ಕಷ್ಟ ತೆಗೆದುಕೊಳ್ಳಲಿಲ್ಲ.

ವಾರ್ಷಿಕೋತ್ಸವದ ದಿನ ಚನ್ನರಾಯಪ್ಪ ಮುಂದಿನ ಸೋಫಾದಲ್ಲಿ ಕೂತು ಬಿದ್ದು ಬಿದ್ದು ನಕ್ಕರು. ಆಶಾರಾಣಿ ಪರದೆಯ ಸಂದಿನಿಂದ ನೋಡುತ್ತಿದ್ದಳು. ಈಗ ಅರ್ಥವಾಗುತ್ತದೆ, ಈಗ ಏಳುತ್ತಾರೆ ಎಂದು ಕಾದಳು. ನಾಟಕ ಮುಗಿದ ಮೇಲೆ ಎದ್ದರು ನಿಜ. ವೇದಿಕೆ ಹತ್ತಿ ಮೈಕು ಹಿಡಿದರು. ಗೊದಮೊಟ್ಟೆ ವೇಷದ ಮಕ್ಕಳಿನ್ನೂ ಹಿಂದೆ ಸಾಲಾಗಿ ನಿಂತಿದ್ದವು.

"ಈ ಬಯಲಲ್ಲಿ ಏನಿತ್ತು? ಬರೀ ಜಾಲಿ ಗಿಡ! ಇಲ್ಲಿ ಶಾಲೆ ತಂದಿದ್ದು ಯಾರು? ನಾನೇ!"

ನಾಟಕ ಇನ್ನೂ ಇದೆ ಅಂದುಕೊಂಡ ಮಕ್ಕಳು ಬಾಲ ಆಡಿಸಿ ಒಟ್ಟಿಗೆ ಕೂಗಿದವು: "ಹೌದು ದೊರೆ, ನೀವೇ ದೊರೆ!"

ಶಾಮಿಯಾನದ ಹಿಂದಿನ ಸಾಲಿನಿಂದ ನಗು ಎದ್ದಿತು. ಚನ್ನರಾಯಪ್ಪ ತಿರುಗಿ ಮಕ್ಕಳನ್ನು ನೋಡಿದರು. ಮುಖ ಅರಳಿತು.

"ಮುಂದಿನ ರಸ್ತೆಗೆ ಟಾರು ಹಾಕ್ಸಿದ್ದು?"

"ಹೌದು ದೊರೆ, ನೀವೇ ದೊರೆ!"

ಜನ ಹೊಟ್ಟೆ ಹಿಡಿದುಕೊಂಡರು. ಆತ ಅದನ್ನು ಅಭಿಮಾನ ಎಂದು ತಿಳಿದು ಕೈಮುಗಿದರು, ಇನ್ನೂ ಕೇಳಿದರು, ಇನ್ನೂ ಕೂಗಿಸಿಕೊಂಡರು. ಕೊನೆಗೆ ಆಶಾರಾಣಿಯನ್ನು ಕರೆದು ಶಾಲು ಹೊದಿಸಿದರು. ಅಶ್ವತ್ಥಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಅವಳು ಪರದೆಯ ಹಿಂದೆ ಬಂದು ಶಾಲು ತೆಗೆದು ಕುರ್ಚಿಯ ಮೇಲೆ ಎಸೆದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಎಷ್ಟು ಉಗಿದರೂ ಪನ್ನೀರು ಎಂದು ಒರೆಸಿಕೊಳ್ಳುವವನ ಮುಂದೆ ಏನು ಮಾಡುವುದು?

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಆದಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. ಅತ್ತಿದ್ದಾರೆ ಅಂದುಕೊಂಡು ಆಶಾರಾಣಿ ಗಾಬರಿಯಾದಳು. ಆಕೆ ಅತ್ತಿರಲಿಲ್ಲ.

"ಅಯ್ಯೋ ದೇವುಡಾ, ಪಕ್ಕೆ ನೋಯ್ತಾ ಐತಮ್ಮ," ಎಂದು ಕುರ್ಚಿ ಹಿಡಿದು ನಿಂತರು. "ನೀನೇ ಬರೆದ್ಯಾ?"

"ಇಲ್ಲ ಮೇಡಂ, ಹಳೇ ಕಾರ್ಟೂನು."

"ಇವ್ರು ಏನಂದ್ರು ಗೊತ್ತಾ? ಆ ಕಪ್ಪೆ ನಮ್ಮ ಹೆಡ್‌ಮಾಸ್ಟ್ರೇ ಕಣೇ, ಸರಿಯಾಗಿ ಉಗ್ದವ್ಳೆ ಹುಡುಗಿ, ಅಂದ್ರು." ಆಕೆ ಮತ್ತೆ ನಕ್ಕರು, ಈ ಸಲ ಸದ್ದಿಲ್ಲದೆ. "ಮೂವತ್ತು ವರ್ಷದಿಂದ ಇದರ ಜೊತೇಲಿ ಸಂಸಾರ ಮಾಡ್ತಾ ಇದೀನಮ್ಮ. ನನ್ನ ನಂಬರ್ ಬರ್ಕೋ. ಆ ಕಾರ್ಟೂನು ಪೂರ್ತಿ ಕಳ್ಸು."

ಆಶಾರಾಣಿ ಅಲ್ಲೇ ನಿಂತು ಕಳಿಸಿದಳು. ಆದಿಲಕ್ಷ್ಮಮ್ಮ ಮಕ್ಕಳ ಬೆಂಚಿನ ಮೇಲೆ ಕೂತು, ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮೊದಲ ಕಂತು ಹಾಕಿದರು. ಹೊರಗೆ ಭಾಷಣ ಇನ್ನೂ ಮುಗಿದಿರಲಿಲ್ಲ.