ಎಡಗಡೆಯ ಮುಂದಿನ ಚಕ್ರ

ಮತ್ತೆ ಅದೇ, ಕರ್‌ರ್‌ರ್ ಅಂತ, ಅನ್ನದಲ್ಲಿ ಕಲ್ಲು ಕಡಿದ ಹಾಗೆ, ಮೇಲಿನ ತಿರುವಿನಲ್ಲಿ ಶುರುವಾದದ್ದು ಸಬ್ಲಾನ್ ಊರು ಬಂದರೂ ನಿಂತಿಲ್ಲ, ಬ್ರೇಕ್ ತುಳಿದರೆ ಜೋರು, ಬಿಟ್ಟರೆ ಸಣ್ಣಗೆ, ಆದರೆ ಇದೆ, ಎಡಗಡೆ, ಮುಂದೆ, ನನ್ನ ಪಾದದ ಹತ್ತಿರವೇ ಯಾರೋ ಕೂತು ತಗಡು ಕೆರೆಯುತ್ತಿರುವ ಹಾಗೆ — ಹಿಂದೆ ಬಕೆಟ್ಟುಗಳಲ್ಲಿ ಬಿಳಿ ಸೇವಂತಿಗೆ, ಪ್ರತಿ ತಿರುವಿಗೂ ಎಲ್ಲ ಒಟ್ಟಿಗೆ ವಾಲುತ್ತವೆ, ಒಟ್ಟಿಗೆ ಎದ್ದು ನಿಲ್ಲುತ್ತವೆ, ಮಧ್ಯಾಹ್ನ ಬೆಟ್ಟದ ಕೆಳಗಿನ ಬವಾಂಗಿನ ಚರ್ಚಿನಲ್ಲಿ ಮದುವೆ, ಮದುಮಗಳ ತಾಯಿ ಆಗಲೇ ಫೋನ್ ಮಾಡಿದ್ದಾಳೆ, ಮನಾಂಗ್ ಲುಮಿಂಗ್, ಅಕ್ಕಾ, ಹೂ ಹೊರಟಿತಾ, ಹೊರಟಿತಮ್ಮಾ, ಬೆಟ್ಟ ಇಳೀತಾ ಇದೆ, ನೀನು ಮಗಳ ತಲೆ ಬಾಚು ಹೋಗು — ಮಂಜು ಗಾಜಿನ ಮೇಲೆ ಕೂತು ಒರೆಸಿದಷ್ಟೂ ಬರುತ್ತದೆ, ಒರೆಸುವ ಕಡ್ಡಿಯ ಸದ್ದು ಬೇರೆ, ಇದು ಬೇರೆ, ಸದ್ದುಗಳನ್ನು ಬೇರೆ ಮಾಡಲು ಕಲಿಸಿದವನು ನನ್ನ ಗಂಡ ಹಿಲಾರಿಯೋ, ರಾತ್ರಿ ನನ್ನ ಪಕ್ಕ ಮಲಗಿ ಲಾ ತ್ರಿನಿದಾದಿನ ಏರು ಹತ್ತುವ ಜೀಪ್ನಿ ಬಸ್ಸುಗಳನ್ನು ಕೇಳುತ್ತಿದ್ದ, ಕೇಳು ಲುಮಿಂಗ್, ಇದಕ್ಕೆ ಬೆಲ್ಟ್ ಸಡಿಲ, ಇದು ನಾಳೆ ದಾರೀಲೇ ನಿಲ್ಲುತ್ತೆ ನೋಡು, ನಾನು ಅನ್ನುತ್ತಿದ್ದೆ, ನನ್ನ ಎದೆ ಬಡಿತಾನೂ ಒಂದ್ಸಲ ಕೇಳಯ್ಯ, ಅವನು ನಿಜವಾಗಿಯೂ ಕಿವಿ ಇಡುತ್ತಿದ್ದ, ಎಂಜಿನ್ ಚೆನ್ನಾಗಿದೆ, ಸ್ವಲ್ಪ ಬಿಸಿ ಜಾಸ್ತಿ — ಈ ಕಾರೂ ಅವನದೇ, ದೋಹಾದ ಗ್ಯಾರೇಜಿಗೆ ಕೆಲಸಕ್ಕೆ ಹೊರಡುವ ಮುಂಚೆ ಹಿಂದಿನ ಸೀಟು ಕಿತ್ತು ಹೂವಿಗೆ ಜಾಗ ಮಾಡಿಕೊಟ್ಟ, ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ, ಬಿಸಿಯಾಗಿತ್ತು ಅವನ ಕೈ — ಕರ್‌ರ್‌ರ್ — ಇಲ್ಲ, ನಿಲ್ಲಿಸಬೇಕು, ಇನ್ನೂ ಅರ್ಧ ಬೆಟ್ಟ ಬಾಕಿ ಇದೆ.

ದಾರಿಬದಿಯಲ್ಲಿ ಗೆಳತಿ ಪಾಸಿಂಗಳ ಅನಾನಸಿನ ಅಂಗಡಿ ಮುಂದೆ ನಿಲ್ಲಿಸುತ್ತೇನೆ, ಅವಳು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಲೇ ಇದ್ದಾಳೆ, ಏನೇ ಲುಮಿಂಗ್, ಮೇಲಿನ ತಿರುವಿನಿಂದ್ಲೇ ಕೇಳಿಸ್ತು, ಯಾರೋ ಹಂದಿ ಕೊಯ್ತಿದಾರೆ ಅನ್ಕೊಂಡೆ, ಮಾಂಸ ಸಿಗುತ್ತೇನೋ ಅಂತ ಪಾತ್ರೆ ತೊಳೆದಿಟ್ಟೆ, ನಗುತ್ತಾಳೆ, ನಾನೂ ನಗುತ್ತೇನೆ, ಬೆಳಗಿನಿಂದ ಎದುರಿಗೆ ನಿಂತು ಮಾತಾಡಿದ ಮೊದಲನೆಯವಳು ಅವಳೇ — ಹಿಲಾರಿಯೋಗೆ ಫೋನ್ ಮಾಡಲೇ, ಅಲ್ಲಿ ಇನ್ನೂ ನಸುಕು, ಶುಕ್ರವಾರ, ರಜೆ, ಮಲಗಿರಬಹುದು, ಆದರೂ ಮಾಡಿದೆ, ಎತ್ತಿದ, ಏನಾಯ್ತು, ಇಷ್ಟೊತ್ತಿಗೆ, ಕಾರು ಕರಕರ ಅಂತಿದೆ, ಅಂದದ್ದೇ ತಡ ಅವನ ದನಿಯಿಂದ ನಿದ್ದೆ ಇಳಿದುಹೋಯಿತು, ನನಗೆ ಜ್ವರ ಅಂದಾಗ ಹೀಗೆ ಇಳಿದಿರಲಿಲ್ಲ, ಕಿರ್ ಅಂತಾ ಕರ್ ಅಂತಾ, ಸರಿಯಾಗಿ ಹೇಳು, ಬ್ರೇಕ್ ಒತ್ತಿದ್ರೆ ಮಾತ್ರಾನಾ ಸುಮ್ನೆ ಉರುಳಿದ್ರೂನಾ, ಸ್ಟೀರಿಂಗ್ ಎಳೆಯುತ್ತಾ, ಸುಟ್ಟ ವಾಸನೆ ಇದೆಯಾ, ನಾನು ಬಾಯಲ್ಲೇ ಸದ್ದು ಮಾಡಿ ತೋರಿಸಿದೆ, ಕರ್‌ರ್‌ರ್, ಅವನು ನಕ್ಕ, ಇನ್ನೊಂದ್ಸಲ ಮಾಡು, ಮಾಡಿದೆ, ಬ್ರೇಕಿಗಾಗಿ ಅಲ್ಲ, ಆ ನಗುವಿಗಾಗಿ — ವಿಡಿಯೋ ಹಾಕು, ಚಕ್ರ ತೋರಿಸು ಅಂದ, ನಿನ್ನದು ನಂಗೆ ಕಾಣುತ್ತೆ, ನನ್ನ ಕಡೆಯಿಂದ ಚಿತ್ರ ಬರಲ್ಲ, ಇಲ್ಲಿ ನೆಟ್ ಸಾಲಲ್ಲ, ಅವನ ಕಡೆ ಯಾವಾಗಲೂ ನೆಟ್ ಸಾಲಲ್ಲ, ಕಪ್ಪು ಚೌಕದೊಳಗೆ ಅವನ ಹೆಸರಿನ ಮೊದಲ ಅಕ್ಷರ ಮಾತ್ರ — ಪಾಸಿಂಗಳ ಕೈಗೆ ಫೋನ್ ಕೊಟ್ಟೆ, ನಾನು ಕಾರನ್ನು ಮೆಲ್ಲಗೆ ಉರುಳಿಸಬೇಕು, ಅವಳು ಚಕ್ರದ ಪಕ್ಕ ಬಗ್ಗಿ ನಡೆಯಬೇಕು, ಅಯ್ಯೋ ನಿನ್ನ ಗಂಡ ಚಕ್ರ ನೋಡ್ತಾನೋ ನನ್ನ ಕಾಲು ನೋಡ್ತಾನೋ ಅಂದಳು, ಮನಾಂಗ್ ಪಾಸಿಂಗ್ ನಿಮ್ಮ ಕಾಲು ನಾನು ಊರಲ್ಲಿದ್ದಾಗ್ಲೇ ನೋಡಿದೀನಿ ಬಿಡಿ, ಇಬ್ಬರಿಗೂ ಸಲಿಗೆ, ಆಮೇಲೆ ಅವನೇ ಅಂದ, ಈಗ ಎಲ್ಲ ಸುಮ್ನಿರಿ, ಎಂಜಿನ್ ಆಫ್ ಮಾಡು, ಇಳಿಜಾರಲ್ಲಿ ತಾನೇ ಉರುಳ್ಲಿ, ನಾನು ಕೇಳಿಸ್ಕೋಬೇಕು — ಸುಮ್ಮನಾದೆವು, ಪಾಸಿಂಗ್ ಉಸಿರು ಹಿಡಿದಳು, ಕಾರು ನಿಧಾನಕ್ಕೆ ಉರುಳಿತು, ಕರ್‌ರ್, ನಿಂತಿತು, ಆ ನಿಶ್ಶಬ್ದದಲ್ಲಿ ಫೋನಿನ ಆ ಕಡೆಯಿಂದ ಬಂತು, ಗಾಜಿನ ಲೋಟದಲ್ಲಿ ಚಮಚ ತಿರುಗುವ ಸದ್ದು, ಅವಸರವಿಲ್ಲದ ಸದ್ದು, ಆಮೇಲೆ ಹಗುರವಾದ ಚಪ್ಪಲಿ, ಲೋಟ ಇಟ್ಟದ್ದು, ಅವನು ಸಣ್ಣಗೆ, ಫೋನಿಗಲ್ಲ, ಪಕ್ಕಕ್ಕೆ ತಿರುಗಿ, ಸಲಾಮತ್ ಅಂದ, ಥ್ಯಾಂಕ್ಸ್ ಅಂತ, ಹಾಗೆ.

ಅವನು ಇರುತ್ತೇನೆ ಅನ್ನುವ ಗಂಡಸರ ಬಂಕ್ ರೂಮಿನಲ್ಲಿ ಯಾರು ಯಾರಿಗೆ ಹಾಗೆ ಅನ್ನುತ್ತಾರೆ, ಅವನು ಗೆಳೆಯರಿಗೆ ಅನ್ನುವುದು ಹೋಯ್, ಇಡೋ ಅಲ್ಲಿ, ಇಷ್ಟೇ, ಆ ದನಿ ನನಗೆ ಗೊತ್ತು, ಚಳಿಗಾಲದ ಬೆಳಗಿನಲ್ಲಿ ನಾನು ಹಾಸಿಗೆಗೆ ಕಾಫಿ ತಂದರೆ ಕಣ್ಣು ಮುಚ್ಚಿಕೊಂಡೇ ಅನ್ನುತ್ತಿದ್ದನಲ್ಲ ಆ ದನಿ, ನಮ್ಮ ಇಲೊಕಾನೋ ಮಾತಿನಲ್ಲಿ ಅನ್ನುತ್ತಿದ್ದ, ಈಗ ಅಂದದ್ದು ಮನಿಲಾದವರ ಮಾತಿನಲ್ಲಿ — ಯಾರಿದಾರೆ ಅಲ್ಲಿ ಅಂದೆ, ಯಾರೂ ಇಲ್ಲ, ಎಲ್ಲ ಮಲಗಿದಾರೆ, ಲುಮಿಂಗ್ ಕೇಳು, ಚಕ್ರದ ಸಂದಿಯಿಂದ ಬ್ರೇಕ್ ಪ್ಯಾಡ್ ಕಾಣಿಸ್ತು ನಂಗೆ, ಇನ್ನೂ ದಪ್ಪ ಇದೆ, ಒಂದು ಸಣ್ಣ ಕಲ್ಲು ಸಿಕ್ಕೊಂಡಿದೆ ಅಷ್ಟೆ, ಹಿಂದೆ ಮುಂದೆ ಆಡಿಸು, ಬಿದ್ದುಹೋಗುತ್ತೆ, ಏನೂ ಆಗಲ್ಲ ಹೋಗು, ಫೋನ್ ಇಟ್ಟ, ಪಾಸಿಂಗ್ ನನ್ನ ಮುಖ ನೋಡಲಿಲ್ಲ, ಅನಾನಸುಗಳನ್ನು ಸುಮ್ಮನೆ ತಿರುಗಿಸಿ ತಿರುಗಿಸಿ ಇಟ್ಟಳು, ಒಂದು ಹಣ್ಣು ತಂದು ಸೀಟಿನ ಮೇಲೆ ಹಾಕಿದಳು, ತಗೊಂಡು ಹೋಗೇ, ನಿಧಾನಕ್ಕೆ ಹೋಗು — ಆಡಿಸಿದೆ, ಹಿಂದೆ ಮುಂದೆ, ಕಲ್ಲು ಬೀಳಲಿಲ್ಲ, ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೇನೆ, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಹೊಡೆದುಕೋ, ಮಂಜು ಮೇಲೆ ಉಳಿದು ಕೆಳಗೆ ಬಿಸಿಲು ಕಾಣುತ್ತಿದೆ, ಯಾರೋ ರೂಮಿನವನ ಹೆಂಡತಿ ಬಂದಿರಬಹುದು, ಅಡುಗೆಯವಳಿರಬಹುದು, ನಸುಕಿನಲ್ಲಿ ಅಡುಗೆಯವಳೇ, ಇರಬಹುದು, ಯಾಕಿರಬಾರದು, ಕರ್‌ರ್‌ರ್, ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ, ಈಗ ವಾಸನೆಯೂ ಇದೆ, ಸುಟ್ಟ ಕಬ್ಬಿಣದ್ದು, ಕಲ್ಲಿಗೆ ಹೀಗೆ ವಾಸನೆ ಬರುತ್ತದೆಯೇ, ಅವನೇ ಕಲಿಸಿದ್ದಲ್ಲವೇ, ಒಂದೇ ಗುರುತು ನಂಬಬೇಡ, ಎರಡು ಮೂರು ಸೇರಿಸಿ ನೋಡು, ಸೇರಿಸುತ್ತೇನೆ, ಫೋನಿನಲ್ಲಿ ಅವನ ಚಿತ್ರ ಬರುವುದು ನಿಂತದ್ದು ಯಾವಾಗ, ಈಸ್ಟರಿಗೆ ಬರ್ತೀನಿ ಅಂದವನು ಕ್ರಿಸ್‌ಮಸ್ಸಿಗೆ ಅಂದದ್ದು, ಕ್ರಿಸ್‌ಮಸ್ಸಿಗೆ ಏನೂ ಅನ್ನದೇ ಇದ್ದದ್ದು, ನಾನು ಕಳಿಸಿದ ಒಣಮೀನು ಮುಗೀತಾ ಅಂದರೆ ಹೂಂ ಚೆನ್ನಾಗಿತ್ತು ಅಂದ, ಕಳಿಸಿಯೇ ಇರಲಿಲ್ಲ ನಾನು, ಕಳಿಸಬೇಕು ಅಂತ ಕಟ್ಟಿಟ್ಟದ್ದು ಮನೆಯಲ್ಲೇ ಇತ್ತು, ಅವತ್ತು ಒಬ್ಬಳೇ ಕೂತು ಅದನ್ನು ಹುರಿದು ತಿಂದೆ, ಮನೆಯೆಲ್ಲ ವಾಸನೆ, ಬೈಯಲು ಯಾರೂ ಇಲ್ಲ.

ಕೆಳಗೆ ನಗಿಲಿಯನ್ ಊರಿನ ಹತ್ತಿರ ಮನೋಂಗ್ ಟೆಬಾನನ, ಅಂದರೆ ಟೆಬಾನಣ್ಣನ ಗ್ಯಾರೇಜು, ಮಾವಿನ ಮರದ ಕೆಳಗೆ, ಬಾಯಲ್ಲಿ ಆರಿದ ಸಿಗರೇಟು, ನನ್ನ ಕಾರು ನಿಲ್ಲುವ ಮುಂಚೆಯೇ ಜಾಕ್ ಎಳೆದುಕೊಂಡು ಬಂದ, ಇಳೀ ತಂಗೀ ಇಳೀ, ಇನ್ನೊಂದು ಮಾರು ಓಡಿಸಬೇಡ, ಕಲ್ಲು ಸಿಕ್ಕಿದೆಯಂತೆ ಮನೋಂಗ್, ಯಾರು ಹೇಳಿದ್ದು, ನನ್ನ ಗಂಡ, ಎಲ್ಲಿದಾನೆ ಅವನು, ದೋಹಾದಲ್ಲಿ, ಓಹೋ ದೋಹಾದಿಂದ ಕಾಣಿಸ್ತಾ, ಅಂದವನು ನನ್ನ ಮುಖ ನೋಡಿ ನಟ್ಟು ಬಿಚ್ಚಿದ, ಚಕ್ರ ಬಂತು, ಹೊರಗಿನ ಪ್ಯಾಡ್ ನಿಜಕ್ಕೂ ದಪ್ಪಗಿದೆ, ಹಿಲಾರಿಯೋ ಸುಳ್ಳು ಹೇಳಿರಲಿಲ್ಲ, ನೋಡಿ ಅಂದೆ, ಏನೋ ಗೆದ್ದವಳ ಹಾಗೆ, ಟೆಬಾನ್ ಬ್ರೇಕ್ ಡಿಸ್ಕಿನ ಆಚೆ ಬೆರಳು ಹಾಕಿದ, ಬಡಿದ, ಎಳೆದ, ಒಳಗಿನದು ಬಂತು, ಅದರಲ್ಲಿ ಪ್ಯಾಡೇ ಇಲ್ಲ, ಬರೀ ಕಬ್ಬಿಣದ ತಗಡು, ಉಜ್ಜಿ ಉಜ್ಜಿ ಕನ್ನಡಿಯಾಗಿದೆ, ಇದು ನೋಡಮ್ಮ, ಬೋಲ್ಟು ಒಣಗಿ ಬಿಗಿದ್ಬಿಟ್ಟಿದೆ, ಆ ಕಡೆ ಈ ಕಡೆ ಜಾರ್ಲಿಲ್ಲ, ಎರಡು ಹಿಡೀಬೇಕಾದ್ದನ್ನ ಇದೊಂದೇ ಹಿಡ್ದು ಹಿಡ್ದು ಮುಗ್ದೋಯ್ತು, ಹೊರಗಿಂದ ಯಾರಿಗೂ ಕಾಣಲ್ಲ, ಮೊದಲು ಕಿರ್ ಅಂದಿರಬೇಕಲ್ಲ, ಅಂದಿತ್ತು, ರೇಡಿಯೋ ಜೋರು ಮಾಡಿಕೊಂಡೆ, ಎಲ್ಲರೂ ಅದನ್ನೇ ಮಾಡೋದು ತಗೋ ಅಂತ ನಕ್ಕ — ತಗಡನ್ನು ನನ್ನ ಕೈಗೆ ಕೊಟ್ಟ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಬಿಸಿ ಇದೆ ಜೋಪಾನ, ಎರಡೂ ಕಡೆಗೆ ಹೊಸ ಪ್ಯಾಡ್ ಹಾಕಲು ಕೂತ, ನಾನು ಮರದ ಕೆಳಗೆ ಬಕೆಟ್ಟುಗಳನ್ನು ಇಳಿಸಿ ಹೂವಿಗೆ ನೀರು ಚಿಮುಕಿಸಿದೆ, ಒಂದು ಕೈಯಲ್ಲಿ ತಗಡು ಹಾಗೇ ಇತ್ತು.

ಫೋನ್ ಬಂತು, ಅವನೇ, ಕಲ್ಲು ಬಿತ್ತಾ ಲುಮಿಂಗ್, ಕಲ್ಲಲ್ಲ, ಒಳಗಿನ ಪ್ಯಾಡ್ ಪೂರ್ತಿ ಸವೆದುಹೋಗಿದೆ, ಹೌದಾ, ಛೇ, ನಂಗೆ ಹೊರಗಿನದು ಮಾತ್ರ ಕಾಣಿಸ್ತು, ಗೊತ್ತು ಅಂದೆ, ಬೆಟ್ಟ ಇಳಿದ್ಯಲ್ಲ ಅದರಲ್ಲೇ, ಏನಾದ್ರೂ ಆಗಿದ್ರೆ, ಅವನ ದನಿ ನಿಜವಾಗಿ ಹೆದರಿತ್ತು, ಆ ಹೆದರಿಕೆಗೆ ಒಂದು ಕ್ಷಣ ಕರಗಿಬಿಟ್ಟೆ, ಬಿಟ್ಟುಬಿಡಲೇ ಅನ್ನಿಸಿತು, ಕೇಳದೇ ಹೋದರೆ ಮುಂದಿನ ಶುಕ್ರವಾರವೂ ಫೋನ್ ಬರುತ್ತದೆ, ಅದರ ಮುಂದಿನದೂ — ಬೆಳಿಗ್ಗೆ ಕಾಫಿ ಯಾರು ಕೊಟ್ರು ಅಂದೆ, ಯಾವ ಕಾಫಿ, ಹಿಲಾರಿಯೋ, ಹೆಸರು ಹೇಳು ಸಾಕು, ಬೇರೇನೂ ಕೇಳಲ್ಲ, ಅವನ ಉಸಿರು ಕೇಳುತ್ತಿತ್ತು, ಮುಂಚೆ ನನ್ನ ಕುತ್ತಿಗೆಗೆ ತಾಗುತ್ತಿದ್ದ ಉಸಿರು, ಆಮೇಲೆ, ವಿಲ್ಮಾ, ಅಂದ, ಲುಮಿಂಗ್ ನಾನು ಹೇಳೋಣ ಅಂತಿದ್ದೆ, ಹೂವಿಗೆ ಹೊತ್ತಾಯ್ತು ಅಂದೆ, ಇಟ್ಟೆ — ಟೆಬಾನ್ ಕಾರು ಕೆಳಗಿಳಿಸಿ, ಹೊಸದು, ಮೊದಮೊದಲು ಮೆತ್ತಗೆ ಒತ್ತು, ಒಂದಕ್ಕೊಂದು ಹೊಂದ್ಕೋಬೇಕು ಅಂದ, ತಲೆಯಾಡಿಸಿದೆ, ಬವಾಂಗ್ ತಲುಪಿದೆ, ಮದುಮಗಳ ತಾಯಿ ಬಯ್ಯುತ್ತಲೇ ಬಂದು ಹೂ ನೋಡಿ ನನ್ನನ್ನು ತಬ್ಬಿಕೊಂಡಳು, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ, ಅವಳೇ ಬಿಟ್ಟಳು, ಊಟ ಮಾಡ್ಕೊಂಡು ಹೋಗಿ ಮನಾಂಗ್, ಇಲ್ಲಮ್ಮ, ಬೆಟ್ಟ ಹತ್ತಬೇಕು — ಈಗ ಹತ್ತುತ್ತಿದ್ದೇನೆ, ಖಾಲಿ ಬಕೆಟ್ಟುಗಳು, ಬ್ರೇಕ್ ಒತ್ತಿದರೆ ಸದ್ದಿಲ್ಲ, ಬಿಟ್ಟರೆ ಸದ್ದಿಲ್ಲ, ಕಿಟಕಿ ಇಳಿಸಿದೆ, ಏನೂ ಇಲ್ಲ, ಇಷ್ಟು ಸುಮ್ಮನಿರುವ ಕಾರಿನಲ್ಲಿ ಒಬ್ಬಳೇ ಎಂದೂ ಕೂತಿಲ್ಲ, ಪಕ್ಕದ ಸೀಟಿನಲ್ಲಿ ಆ ತಗಡು, ಎಣ್ಣೆ ಬಟ್ಟೆ ಜಾರಿದೆ, ಬಿಸಿ ಆರಿದೆ, ತಿರುವು ಬಂದಾಗ ಬಿಸಿಲು ಅದರ ಮೇಲೆ ಬೀಳುತ್ತದೆ, ಹೊಳೆಯುತ್ತದೆ, ತಿರುವು ಮುಗಿಯುತ್ತದೆ, ಮತ್ತೆ ತಿರುವು, ಮತ್ತೆ ಹೊಳೆಯುತ್ತದೆ, ಗೀರು ಗೀರು, ಬರೀ ಕಬ್ಬಿಣ, ಹೊಳೆಯುತ್ತದೆ —